ಹಾಲು ಉಕ್ಕಿಸಿದ ಮರುದಿನ

ತುಮಕೂರು ನಗರಕ್ಕೆ, ಗುಬ್ಬಿಗೆ, ಕುಣಿಗಲ್‌ಗೆ ಹೊಸದಾಗಿ ಬಿಡಾರ ತಂದಿರುವ ಎಲ್ಲರಿಗೂ,



ಶಾಲೆಗಳಿಗೆ ಬೇಸಿಗೆ ರಜೆ ಬಂತೆಂದರೆ ನಮ್ಮ ಬೀದಿಗೆ ಲಗೇಜ್ ಆಟೊಗಳು ಬರತೊಡಗುತ್ತವೆ. ಬಿಚ್ಚಿದ ಮಂಚದ ಕಾಲು, ಸುತ್ತಿ ಕಟ್ಟಿದ ಹಾಸಿಗೆ, ಒಂದರೊಳಗೊಂದು ತೂರಿಸಿದ ಬಿಂದಿಗೆಗಳು, ಹಿಂದೆ ಸ್ಕೂಟರಿನಲ್ಲಿ ದೇವರ ಪಟ ಮಡಿಲಲ್ಲಿಟ್ಟುಕೊಂಡ ಹೆಂಗಸು. ಸಂಜೆಗೆ ಆ ಮನೆಯಲ್ಲಿ ಹಾಲು ಉಕ್ಕುತ್ತದೆ, ಅಕ್ಕಪಕ್ಕದ ಮನೆಗೆ ಒಂದೊಂದು ಲೋಟ ಬರುತ್ತದೆ. ಮರುದಿನ ಬೆಳಿಗ್ಗೆ ಆಕೆ ಗೇಟಿನ ಹತ್ತಿರ ಬಂದು ಕೇಳುವ ಮೊದಲ ಮಾತು ಯಾವಾಗಲೂ ಅದೇ: "ಅಕ್ಕಾ, ಇಲ್ಲಿ ನೀರು ಯಾವತ್ತು ಬಿಡ್ತಾರೆ?"

ಆ ಪ್ರಶ್ನೆಗೆ ಉತ್ತರ ಹೇಳಿ ಕಳಿಸಿದ ಮೇಲೆ ಇನ್ನೂ ಎಷ್ಟೋ ಹೇಳುವುದಿತ್ತಲ್ಲ ಎಂದು ನನಗೆ ಪ್ರತಿ ಸಲವೂ ಅನ್ನಿಸಿದೆ. ಅದಕ್ಕೇ ಈ ಪತ್ರ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ನಿವೃತ್ತ ಶಿಕ್ಷಕಿ. ಮೊದಲು ಕುಣಿಗಲ್ ಕಡೆ, ಆಮೇಲೆ ಗುಬ್ಬಿ, ಕೊನೆಗೆ ತುಮಕೂರು. ಮೂರೂ ಕಡೆ ಸೇರಿ ಏಳು ಬಾಡಿಗೆ ಮನೆಗಳಲ್ಲಿ ಸಂಸಾರ ಮಾಡಿದ್ದೇನೆ. ಶಿಕ್ಷಕಿಯಾದ್ದರಿಂದ 2011ರ ಜನಗಣತಿಗೆ ಹೋಗಿದ್ದೆ, ಮತದಾರರ ಪಟ್ಟಿ ಹಿಡಿದು ಬಿ.ಎಲ್.ಒ. ಆಗಿ ಮನೆಮನೆ ತಿರುಗಿದ್ದೆ. ಹಾಗೆ ತಿರುಗುವಾಗ ಒಂದು ವಿಷಯ ಕಣ್ಣಿಗೆ ಹೊಡೆದಂತೆ ಗೊತ್ತಾಯಿತು. ಹೊಸಬರು ಕಷ್ಟಪಡುವುದು ಸೌಲಭ್ಯ ಇಲ್ಲದ್ದರಿಂದ ಅಲ್ಲ, ಸರಹದ್ದು ಗೊತ್ತಿಲ್ಲದ್ದರಿಂದ. ಯಾವ ಕಚೇರಿಯ ಮೆಟ್ಟಿಲು ಹತ್ತುವ ಮೊದಲೂ ನಿಮ್ಮ ಮನೆ ಯಾರ ಸರಹದ್ದಿನಲ್ಲಿದೆ ಎಂದು ತಿಳಿದುಕೊಳ್ಳಿ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ. ಆದರೆ ಈ 'ಯಾರ' ಎನ್ನುವುದಕ್ಕೆ ಉತ್ತರ ಒಂದಲ್ಲ, ನಾಲ್ಕೈದು ಇವೆ. ಕಂದಾಯ ಇಲಾಖೆಯ ಗೆರೆ ಬೇರೆ, ಪಾಲಿಕೆಯ ಗೆರೆ ಬೇರೆ, ಬೆಸ್ಕಾಂನ ಗೆರೆ ಬೇರೆ, ಚುನಾವಣೆಯ ಗೆರೆ ಬೇರೆ, ಅಂಚೆಯವರದು ಮತ್ತೊಂದು. ಅವು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ.

ತುಮಕೂರು ಜಿಲ್ಲೆಯಲ್ಲಿ ಹತ್ತು ತಾಲ್ಲೂಕು, ಮೂರು ಉಪವಿಭಾಗ. ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಸೇರಿ ತುಮಕೂರು ಉಪವಿಭಾಗ. ಅಂದರೆ ಉಪವಿಭಾಗಾಧಿಕಾರಿಯವರ ಹತ್ತಿರ ಹೋಗುವ ಕೆಲಸ ಬಿದ್ದರೆ ಗುಬ್ಬಿಯವರೂ ಕುಣಿಗಲ್‌ನವರೂ ತುಮಕೂರಿಗೇ ಬರಬೇಕು. ಜಮೀನಿನ ಮೇಲ್ಮನವಿ ಇರುವವರಿಗೆ ಇದು ಗೊತ್ತೇ ಇರುತ್ತದೆ. ಗೊತ್ತಿಲ್ಲದಿರುವುದು ವಯಸ್ಸಾದವರಿಗೆ. ಮಕ್ಕಳು ನೋಡಿಕೊಳ್ಳುತ್ತಿಲ್ಲ ಎಂದು ದೂರು ಕೊಡಲು 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಇರುವ ನ್ಯಾಯಮಂಡಳಿಯೂ ಉಪವಿಭಾಗಾಧಿಕಾರಿಯವರದೇ. ಮಗನ ಕೆಲಸದ ಬೆನ್ನು ಹಿಡಿದು ಊರು ಬಿಟ್ಟು ಬಂದ ಅಪ್ಪ ಅಮ್ಮಂದಿರು ನಿಮ್ಮ ಬೀದಿಯಲ್ಲೂ ಇದ್ದಾರು, ಅವರ ಕಿವಿಗೂ ಇದು ಬಿದ್ದಿರಲಿ.

ತಾಲ್ಲೂಕಿನ ಕೆಳಗೆ ಹೋಬಳಿ. ಪೇಟೆಯಿಂದ ಬಂದವರಿಗೆ ಈ ಪದವೇ ಹೊಸದು, ಹೊರರಾಜ್ಯದವರಿಗಂತೂ ಕೇಳಿಯೇ ಗೊತ್ತಿರುವುದಿಲ್ಲ. ಆದರೆ ಇಲ್ಲಿ ಅರ್ಜಿ ಫಾರಂ ಹಿಡಿದ ಕೂಡಲೇ ಎದುರಾಗುವ ಪ್ರಶ್ನೆ "ಹೋಬಳಿ ಯಾವುದು?" ಎಂಬುದು. ತುಮಕೂರು ತಾಲ್ಲೂಕಿನಲ್ಲಿ ಕಸಬಾ, ಊರ್ಡಿಗೆರೆ, ಕೋರ, ಬೆಳ್ಳಾವಿ, ಗೂಳೂರು, ಹೆಬ್ಬೂರು. ಗುಬ್ಬಿಯಲ್ಲಿ ಕಸಬಾ, ನಿಟ್ಟೂರು, ಚೇಳೂರು, ಕಡಬ, ಹಾಗಲವಾಡಿ, ಸಿ.ಎಸ್. ಪುರ. ಕುಣಿಗಲ್‌ನಲ್ಲಿ ಕಸಬಾ, ಕೊತ್ತಗೆರೆ, ಯಡಿಯೂರು, ಅಮೃತೂರು, ಹುಲಿಯೂರುದುರ್ಗ, ಹುತ್ರಿದುರ್ಗ. ಕಸಬಾ ಎಂದರೆ ತಾಲ್ಲೂಕಿನ ಮುಖ್ಯ ಊರು ಮತ್ತು ಅದರ ಸುತ್ತು. ಹೋಬಳಿಗೊಂದು ನಾಡಕಚೇರಿ ಇರುತ್ತದೆ, ಅದರ ಬೋರ್ಡಿನ ಮೇಲೆ 'ಅಟಲ್‌ಜೀ ಜನಸ್ನೇಹಿ ಕೇಂದ್ರ' ಎಂದು ಬರೆದಿರುತ್ತದೆ. ಆದಾಯ, ಜಾತಿ, ವಾಸಸ್ಥಳದ ಪ್ರಮಾಣಪತ್ರ, ವಿಧವಾ ವೇತನ, ವೃದ್ಧಾಪ್ಯ ವೇತನ ಎಲ್ಲದರ ಬಾಗಿಲು ಅದು. ಅಲ್ಲಿಂದ ಅರ್ಜಿ ಗ್ರಾಮ ಆಡಳಿತಾಧಿಕಾರಿಯ ಕೈಗೆ, ಆಮೇಲೆ ಆರ್.ಐ., ಆಮೇಲೆ ತಹಶೀಲ್ದಾರ್ ಅಥವಾ ಉಪ ತಹಶೀಲ್ದಾರ್. ಗ್ರಾಮ ಆಡಳಿತಾಧಿಕಾರಿಯನ್ನು ಜನ ಇವತ್ತಿಗೂ ವಿ.ಎ. ಎನ್ನುತ್ತಾರೆ, ಹಳಬರು ಶಾನುಭೋಗರು ಎನ್ನುತ್ತಾರೆ. ಮೂರು ಹೆಸರೂ ಒಬ್ಬರದೇ ಎಂದು ತಿಳಿದಿದ್ದರೆ ಹುಡುಕಾಟ ಕಡಿಮೆಯಾಗುತ್ತದೆ.

ಊರು ಬಿಡುವ ಮೊದಲು ಈ ಪತ್ರ ಓದುವವರು ಯಾರಾದರೂ ಇದ್ದರೆ ಅವರಿಗೊಂದು ಮಾತು. ಜಾತಿ ಪ್ರಮಾಣಪತ್ರವನ್ನು ನಿಮ್ಮ ಮೂಲ ಊರಿನಲ್ಲೇ ಮಾಡಿಸಿಕೊಂಡು ಬನ್ನಿ. ದಾಖಲೆ ಇರುವುದು ಅಲ್ಲಿ, ನಿಮ್ಮನ್ನು ಬಲ್ಲವರು ಇರುವುದು ಅಲ್ಲಿ. ಇಲ್ಲಿಗೆ ಬಂದು ಬಾಡಿಗೆ ಕರಾರು ಪತ್ರ ಹಿಡಿದು ಕೇಳಿದರೆ ಮತ್ತೆ ಊರಿಗೆ ಹೋಗಿ ಬರುವುದೇ ಆಗುತ್ತದೆ. ಆದಾಯ ಪ್ರಮಾಣಪತ್ರಕ್ಕೆ 5 ವರ್ಷ ಆಯುಷ್ಯ, ಅದರ ದಿನಾಂಕವನ್ನೂ ಒಮ್ಮೆ ನೋಡಿಕೊಳ್ಳಿ.

ಇನ್ನು ಕಸ, ನೀರು, ಚರಂಡಿ, ಬೀದಿ ದೀಪ. ಇವು ಕಂದಾಯ ಇಲಾಖೆಯವಲ್ಲ, ಸ್ಥಳೀಯ ಸಂಸ್ಥೆಯವು. ತುಮಕೂರು ನಗರಕ್ಕೆ ಮಹಾನಗರ ಪಾಲಿಕೆ, 35 ವಾರ್ಡು. ಕುಣಿಗಲ್ ಪಟ್ಟಣಕ್ಕೆ ಪುರಸಭೆ. ಗುಬ್ಬಿಗೆ ಪಟ್ಟಣ ಪಂಚಾಯಿತಿ. ಅವುಗಳ ಆಚೆ ಎಲ್ಲವೂ ಗ್ರಾಮ ಪಂಚಾಯಿತಿ. ಪಾಲಿಕೆಯಲ್ಲಿ ಆಯುಕ್ತರು, ಪುರಸಭೆಯಲ್ಲೂ ಪಟ್ಟಣ ಪಂಚಾಯಿತಿಯಲ್ಲೂ ಮುಖ್ಯಾಧಿಕಾರಿ, ಗ್ರಾಮ ಪಂಚಾಯಿತಿಯಲ್ಲಿ ಪಿ.ಡಿ.ಒ. ಪುಸ್ತಕದಲ್ಲಿ ಇದು ಸುಲಭ. ರಸ್ತೆಯಲ್ಲಿ ನಿಂತಾಗ ಅಲ್ಲ. ತುಮಕೂರಿನ ಅಂಚಿನಲ್ಲಿ ಒಂದು ಬಡಾವಣೆಯಲ್ಲಿ ನಾನು ಮೂರು ವರ್ಷ ಇದ್ದೆ. ರಸ್ತೆಯ ಈ ಕಡೆಯ ಸಾಲಿಗೆ ಬೆಳಿಗ್ಗೆ ಕಸದ ಆಟೊ ಬರುತ್ತಿತ್ತು, ಆ ಕಡೆಯ ಸಾಲಿಗೆ ಬರುತ್ತಿರಲಿಲ್ಲ. ಆ ಕಡೆಯವರು ಒಂದು ವರ್ಷ ಆಟೊದವರ ಮೇಲೆ ಕೋಪ ಮಾಡಿಕೊಂಡೇ ಇದ್ದರು. ಅವರ ಮನೆ ಗ್ರಾಮ ಪಂಚಾಯಿತಿಗೆ ಸೇರಿದ್ದೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಪಂಚಾಯಿತಿಗೆ ಹೋಗಿ ಕೇಳಿದ ಮೇಲೆ ಅಲ್ಲಿನ ಗಾಡಿ ವಾರಕ್ಕೆರಡು ಸಲ ಬರಲು ಶುರುವಾಯಿತು.

ಇದನ್ನು ತಿಳಿಯುವ ದಾರಿ ಒಂದೇ. ಮನೆ ಮಾಲೀಕರ ಹತ್ತಿರ ಈ ವರ್ಷದ ಮನೆ ಕಂದಾಯದ ರಸೀದಿ ಕೇಳಿ ನೋಡಿ. ಹಣ ಕಟ್ಟಿಸಿಕೊಂಡವರು ಯಾರೋ ಅವರೇ ನಿಮ್ಮ ಕಸಕ್ಕೂ ಚರಂಡಿಗೂ ಜವಾಬ್ದಾರರು. ಹಳೇ ರಸೀದಿ ನಂಬಬೇಡಿ, ನಗರದ ಎಲ್ಲೆ ಕಾಲಕಾಲಕ್ಕೆ ಬದಲಾಗುತ್ತದೆ. ರಸೀದಿ ಕೇಳಲು ಸಂಕೋಚಪಡಬೇಡಿ. ಬಾಡಿಗೆದಾರರು ಕೇಳಬಾರದ ಕಾಗದ ಅದಲ್ಲ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ ಇರುವುದರಿಂದ ಬಹಳ ಮಾಲೀಕರ ಬಳಿ ಮೇ ತಿಂಗಳಿಗೆ ಹೊಸ ರಸೀದಿ ಇರುತ್ತದೆ.

ತುಮಕೂರು ನಗರಕ್ಕೆ ಕುಡಿಯುವ ನೀರು ಬುಗುಡನಹಳ್ಳಿ ಕೆರೆಯಿಂದ. ಆ ಕೆರೆಗೆ ನೀರು ಹಾಸನ ಜಿಲ್ಲೆಯ ಗೊರೂರಿನಿಂದ ಹೇಮಾವತಿ ನಾಲೆಯಲ್ಲಿ ಹರಿದು ಬರುತ್ತದೆ. ಅದಕ್ಕೇ ಇಲ್ಲಿನವರು 'ಹೇಮಾವತಿ ನೀರು' ಬೇರೆ, 'ಬೋರ್ ನೀರು' ಬೇರೆ ಎಂದು ಮಾತಾಡುವುದು. ಮನೆ ನೋಡಲು ಹೋದಾಗ "ನೀರು ಇದೆಯಾ?" ಎಂದಷ್ಟೇ ಕೇಳಿದರೆ "ಇದೆ" ಎಂದೇ ಉತ್ತರ ಬರುತ್ತದೆ. ಹೇಮಾವತಿಯೋ ಬೋರೋ, ಸಂಪು ಇದೆಯೋ ಇಲ್ಲವೋ, ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತಿಗೆ ಬಿಡುತ್ತಾರೆ ಎಂದು ಬಿಡಿಸಿ ಕೇಳಿ. ಉತ್ತರ ಸರಿಯಾಗಿ ಗೊತ್ತಿರುವುದು ಮಾಲೀಕರಿಗಲ್ಲ, ಕೆಳಮನೆಯ ಬಾಡಿಗೆದಾರರಿಗೆ. ಹಳ್ಳಿ ಕಡೆ ನೀರಿನ ತೊಂಬೆ ಎಲ್ಲಿದೆ ನೋಡಿ. ಕುಡಿಯುವುದಕ್ಕೆ ನಾಣ್ಯ ಹಾಕಿ ಕ್ಯಾನು ಹಿಡಿಯುವ ಶುದ್ಧ ನೀರಿನ ಘಟಕ ಹತ್ತಿರದಲ್ಲಿದೆಯೇ, ಅದು ಕೆಲಸ ಮಾಡುತ್ತಿದೆಯೇ ಎಂದೂ ನೋಡಿಕೊಳ್ಳಿ.

ಹೇಮಾವತಿಯ ಹೆಸರು ಬಂತು, ಅದಕ್ಕೇ ಇದನ್ನೂ ಹೇಳಿಬಿಡುತ್ತೇನೆ. ಗುಬ್ಬಿ ತಾಲ್ಲೂಕಿನಿಂದ ಕುಣಿಗಲ್ ಕಡೆಗೆ ನೀರು ಒಯ್ಯುವ ಲಿಂಕ್ ಕೆನಾಲ್ ವಿಷಯದಲ್ಲಿ ಇಲ್ಲಿ ದೊಡ್ಡ ಹೋರಾಟಗಳು ನಡೆದಿವೆ. ಗುಬ್ಬಿಯಲ್ಲಿ ಕೂತವರಿಗೆ ಒಂದು ನ್ಯಾಯ ಕಾಣುತ್ತದೆ, ಕುಣಿಗಲ್‌ನಲ್ಲಿ ಕೂತವರಿಗೆ ಇನ್ನೊಂದು. ಎರಡೂ ಕಡೆ ವರ್ಷಗಟ್ಟಲೆ ಬಾಳಿದ ನನಗೆ ಎರಡೂ ಕಡೆಯ ಒಣಗಿದ ತೋಟಗಳು ನೆನಪಿವೆ. ಹೊಸಬರು ಈ ಮಾತಿನಲ್ಲಿ ಬೇಗ ಬಾಯಿ ಹಾಕಬೇಡಿ, ಮೊದಲು ಕೇಳಿಸಿಕೊಳ್ಳಿ.

ಕಸದ ನಿಯಮ ಚಿಕ್ಕದು: ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಬೇಕು. ಪ್ಯಾಡು, ಡೈಪರು ಕಾಗದದಲ್ಲಿ ಸುತ್ತಿ ಬೇರೆ ಕೊಡಬೇಕು. ಬೇರ್ಪಡಿಸದ ಕಸ ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆ ಯೋಚಿಸಿ. ತುಮಕೂರಿನ ಕಸವೆಲ್ಲ ಅಜ್ಜಗೊಂಡನಹಳ್ಳಿಯ ಘಟಕಕ್ಕೆ ಹೋಗುತ್ತದೆ. ಅಲ್ಲೂ ಮನೆಗಳಿವೆ, ಹೊಲಗಳಿವೆ, ಮಕ್ಕಳಿದ್ದಾರೆ. ನಾವು ಮನೆಯಲ್ಲಿ ಎರಡು ನಿಮಿಷ ಉಳಿಸಿಕೊಂಡದ್ದನ್ನು ಅವರು ದಿನವಿಡೀ ಉಸಿರಾಡುತ್ತಾರೆ.

ಕರೆಂಟಿನ ವಿಷಯಕ್ಕೆ ಬರುತ್ತೇನೆ, ಇಲ್ಲಿ ಸ್ವಲ್ಪ ನಿಲ್ಲಬೇಕು. ಜಿಲ್ಲೆಗೆಲ್ಲ ಬೆಸ್ಕಾಂ. ಬಿಲ್ಲಿನ ಮೇಲೆ ಆರ್.ಆರ್. ಸಂಖ್ಯೆ ಎಂದು ಇರುತ್ತದೆ. ನಿಮ್ಮ ಮನೆಯ ನಂಬರಿಗಿಂತ ಈ ಸಂಖ್ಯೆಗೆ ಇಲ್ಲಿ ತೂಕ ಹೆಚ್ಚು. 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯಲ್ಲಿ ಮನೆಗಳನ್ನು ಗುರುತಿಸಿದ್ದೂ ವಿದ್ಯುತ್ ಮೀಟರಿನ ಆಧಾರದ ಮೇಲೆಯೇ. ಬೀಗ ಕೈಗೆ ಬಂದ ದಿನವೇ ಮೀಟರಿನ ಫೋಟೊ ತೆಗೆದಿಟ್ಟುಕೊಳ್ಳಿ, ಹಿಂದಿನ ಬಿಲ್ಲು ಬಾಕಿ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಬಾಕಿ ಹೋದವರ ಬೆನ್ನು ಹತ್ತುವುದಿಲ್ಲ, ಮೀಟರಿಗೇ ಅಂಟಿಕೊಂಡಿರುತ್ತದೆ. ಫ್ಯೂಸು ಕಿತ್ತರೆ ಕತ್ತಲಲ್ಲಿ ಕೂರುವವರು ನೀವು.

2023ರಲ್ಲಿ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂತು. ಬಾಡಿಗೆದಾರರಿಗೂ ಅದು ಸಿಗುತ್ತದೆ, ಮಾಲೀಕರಿಗೆ ಮಾತ್ರ ಎಂದು ಯಾರಾದರೂ ಹೇಳಿದರೆ ಅದು ತಪ್ಪು. ಆದರೆ ಒಂದು ಆಧಾರ್‌ಗೆ ಒಂದೇ ಆರ್.ಆರ್. ಸಂಖ್ಯೆ. ನೀವು ಹಳೇ ಮನೆಯ ಮೀಟರಿಗೆ ಹೆಸರು ಕೊಟ್ಟಿದ್ದರೆ ಅಲ್ಲಿಂದ ಬಿಡಿಸಿಕೊಂಡ ಮೇಲೆಯೇ ಹೊಸ ಮನೆಗೆ ಸೇರಿಸಲು ಬರುತ್ತದೆ. ಹೀಗೆ ಬಿಡಿಸಿಕೊಳ್ಳುವ ಅವಕಾಶ, 'ಡಿ-ಲಿಂಕ್' ಎನ್ನುತ್ತಾರೆ, 2024ರಿಂದ ಸೇವಾಸಿಂಧು ಜಾಲತಾಣದಲ್ಲಿ ಇದೆ. ನಮ್ಮ ಮಹಡಿ ಮನೆಗೆ ಬಂದ ಹುಡುಗರು ಐದು ತಿಂಗಳು ಪೂರ್ತಿ ಬಿಲ್ಲು ಕಟ್ಟಿದರು, ಅವರ ಹೆಸರು ದಾವಣಗೆರೆಯ ಮನೆಯಲ್ಲೇ ಕೂತಿತ್ತು. ಇನ್ನೊಂದು ವಿಷಯ. 200 ಯೂನಿಟ್ ಎಲ್ಲರಿಗೂ ಉಚಿತ ಎಂದಲ್ಲ. ಆ ಮೀಟರಿನ ಹಿಂದಿನ ಸರಾಸರಿ ಬಳಕೆಯ ಮೇಲೆ ಅದಕ್ಕೊಂದು ಮಿತಿ ಇದೆ, ಆ ಮಿತಿ ದಾಟಿದ್ದಕ್ಕೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು ಬರುತ್ತದೆ. ಹಿಂದಿನವರು ಕಡಿಮೆ ಬಳಸಿದ್ದರೆ ನಿಮ್ಮ ಮಿತಿಯೂ ಚಿಕ್ಕದಾಗಿಯೇ ಇರುತ್ತದೆ. ದೂರಿಗೆ 1912.

ಗ್ಯಾಸಿನ ವಿಷಯದಲ್ಲಿ, ಊರು ಬದಲಾದರೆ ಸಿಲಿಂಡರು, ರೆಗ್ಯುಲೇಟರು ಹಳೇ ಏಜೆನ್ಸಿಗೇ ಒಪ್ಪಿಸಿ ಚೀಟಿ ತರಬೇಕು. ಪಡಿತರ ಚೀಟಿ ಇದ್ದವರು ಎಲ್ಲ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳಚ್ಚು ಕೊಟ್ಟು ಅಕ್ಕಿ ಪಡೆಯಬಹುದು. ವಸಂತನರಸಾಪುರದ ಕಾರ್ಖಾನೆಗಳಿಗೆ ದುಡಿಯಲು ಬಂದ ಬಿಹಾರ, ಒಡಿಶಾದ ಅಣ್ಣತಮ್ಮಂದಿರಿಗೆ, ರಾಯಚೂರು, ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬಂದವರಿಗೆ ಇದನ್ನು ದಯವಿಟ್ಟು ಯಾರಾದರೂ ತಿಳಿಸಿ. ಎಷ್ಟೋ ಜನ ಊರಿನಲ್ಲಿ ಚೀಟಿ ಇದ್ದೂ ಇಲ್ಲಿ ಅಂಗಡಿಯ ಬೆಲೆಗೆ ಅಕ್ಕಿ ಕೊಂಡು ತಿನ್ನುತ್ತಿದ್ದಾರೆ. ಯಾರಾದರೂ ಕೊಡುವುದಿಲ್ಲ ಎಂದರೆ 1967ಕ್ಕೆ ಹೇಳಬಹುದು.

ಬಾಡಿಗೆ ಕರಾರು 11 ತಿಂಗಳಿಗೇ ಏಕೆ ಎಂದು ಬಹಳ ಜನ ಕೇಳುತ್ತಾರೆ. ಒಂದು ವರ್ಷ ಮೀರಿದ ಕರಾರು ನೋಂದಣಿ ಆಗಲೇಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ. ಹೋಗಲಿ, 11 ತಿಂಗಳಿಗೇ ಮಾಡಿಕೊಳ್ಳಿ, ಆದರೆ ಇ-ಸ್ಟಾಂಪು ಕಾಗದದ ಮೇಲೆ ಮಾಡಿಕೊಳ್ಳಿ. ಅಡ್ವಾನ್ಸ್ ಎಷ್ಟು ಕೊಟ್ಟಿರಿ, ಸುಣ್ಣಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ ಎಂಬುದನ್ನು ಅಕ್ಷರದಲ್ಲಿ ಬರೆಸಿ. ಆ ಕಾಗದ ಆಧಾರ್ ವಿಳಾಸ ಬದಲಿಸುವುದಕ್ಕೂ ಬೇಕು. ಭೋಗ್ಯಕ್ಕೆ ಮನೆ ಹಿಡಿಯುವವರಿಗೆ ಮಾತ್ರ ನಾನು ಕೈಮುಗಿದು ಹೇಳುತ್ತೇನೆ: ಜೀವಮಾನದ ಉಳಿತಾಯ ತೆಗೆದು ಒಬ್ಬರ ಕೈಗೆ ಹಾಕುವಾಗ ಬಾಯಿಮಾತು ಸಾಲದು, ನೋಟರಿ ಮಾಡಿಸಿದ ಕಾಗದವೂ ಸಾಲದು. ಆ ಮನೆಯ ಮೇಲೆ ಬ್ಯಾಂಕ್ ಸಾಲ ಇದೆಯೇ ಎಂದು ಋಣಭಾರ ಪತ್ರ ತೆಗೆಸಿ ನೋಡಿ, ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ. ನನ್ನ ಜೊತೆ ಕೆಲಸ ಮಾಡಿದ ಶಿಕ್ಷಕಿಯೊಬ್ಬರು ಭೋಗ್ಯದ ಮನೆಯಲ್ಲಿದ್ದರು. ಮಾಲೀಕ ಸಾಲ ಕಟ್ಟದೆ ಬ್ಯಾಂಕಿನವರು ಬಾಗಿಲಿಗೆ ನೋಟಿಸು ಅಂಟಿಸಿದ ದಿನ ಅವರು ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತು ಅತ್ತದ್ದು ನನಗೆ ಈಗಲೂ ಕಣ್ಣಮುಂದಿದೆ. ಮಗಳ ಮದುವೆಗೆ ಇಟ್ಟ ಹಣ ಅದು.

ಸೈಟು ಕೊಳ್ಳಲು ಹೊರಟವರು ಇದರ ಹತ್ತು ಪಟ್ಟು ಎಚ್ಚರ ವಹಿಸಬೇಕು. ಈಗ ಇ-ಖಾತೆ ಇಲ್ಲದೆ ನಿವೇಶನದ ನೋಂದಣಿ ಆಗುವುದಿಲ್ಲ. ಗ್ರಾಮ ಪಂಚಾಯಿತಿಯಲ್ಲಾದರೆ ಇ-ಸ್ವತ್ತು, ಅಂದರೆ ನಮೂನೆ 9 ಮತ್ತು 11. ಪಾಲಿಕೆ, ಪುರಸಭೆ, ಪಟ್ಟಣ ಪಂಚಾಯಿತಿಯಲ್ಲಾದರೆ ಇ-ಆಸ್ತಿ. 'ಎ' ಖಾತೆಯೋ 'ಬಿ' ಖಾತೆಯೋ ನೋಡಿ. 'ಬಿ' ಖಾತೆ ಕೊಟ್ಟ ಮಾತ್ರಕ್ಕೆ ಬಡಾವಣೆ ಅನುಮೋದನೆ ಆಗಿದೆ ಎಂದಲ್ಲ. ತುಮಕೂರಿನ ಸುತ್ತಲಿನ ಬಡಾವಣೆಗೆ ನಗರಾಭಿವೃದ್ಧಿ ಪ್ರಾಧಿಕಾರ, ಜನ ಹೇಳುವ ಟೂಡಾ, ಒಪ್ಪಿಗೆ ಕೊಟ್ಟಿದೆಯೇ ಎಂದು ಖುದ್ದಾಗಿ ಹೋಗಿ ವಿಚಾರಿಸಿ. ದಲ್ಲಾಳಿ ತೋರಿಸುವ ಬಣ್ಣದ ನಕ್ಷೆ ಸಾಕ್ಷಿಯಲ್ಲ. ಒಂದು ಅನುಕೂಲ ಆಗಿದೆ: 2024ರ ಸೆಪ್ಟೆಂಬರಿನಿಂದ ಜಿಲ್ಲೆಯೊಳಗಿನ ಯಾವ ಉಪನೋಂದಣಿ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು. ಕುಣಿಗಲ್‌ನ ಸೈಟಿಗೆ ತುಮಕೂರಿನಲ್ಲೇ ಸಹಿ ಹಾಕಬಹುದು.

ಬೇರೆ ರಾಜ್ಯದ ಗಾಡಿ ತಂದವರು 12 ತಿಂಗಳು ಮೀರಿ ಇಲ್ಲೇ ಇಟ್ಟುಕೊಂಡರೆ ಇಲ್ಲಿನ ಸಂಖ್ಯೆಗೆ ಬದಲಿಸಬೇಕು, ತುಮಕೂರಿನದು ಕೆಎ 06. ಅದಕ್ಕೆ ಮೊದಲು ಹಳೇ ಆರ್.ಟಿ.ಒ. ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣ ಇಲ್ಲ, ಆದರೆ ತೋರಿಸುವ ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸ ಇರಬೇಕು. ಖಾಸಗಿ ಬಸ್ಸಿಗೆ ಹತ್ತಿ ಚೀಟಿ ತೋರಿಸಿ ಮುಜುಗರಪಟ್ಟವರನ್ನು ನೋಡಿದ್ದೇನೆ, ಹತ್ತುವ ಮುಂಚೆ ಬಸ್ಸು ಯಾರದೆಂದು ನೋಡಿ. ಅಂದಹಾಗೆ, ತುಮಕೂರಿನಲ್ಲಿ ಎಲ್ಲರೂ ಬಿ.ಎಚ್. ರಸ್ತೆ ಎನ್ನುವುದು ಬೆಂಗಳೂರು–ಹೊನ್ನಾವರ ರಸ್ತೆಯನ್ನು. ಪಿನ್ ಕೋಡು ತುಮಕೂರಿಗೆ 572101, ಕ್ಯಾತ್ಸಂದ್ರಕ್ಕೆ 572104, ಗುಬ್ಬಿಗೆ 572216, ಕುಣಿಗಲ್‌ಗೆ 572130.

ಮಕ್ಕಳ ಶಾಲೆಯ ವಿಷಯ ನನ್ನ ಮನಸ್ಸಿಗೆ ಹತ್ತಿರದ್ದು. ವರ್ಗಾವಣೆ ಪತ್ರ ಬರುವುದು ತಡವಾಯಿತೆಂದು ಮಗುವನ್ನು ಮನೆಯಲ್ಲಿ ಕೂರಿಸಿಕೊಳ್ಳುವ ತಂದೆ ತಾಯಿಗಳು ಇನ್ನೂ ಇದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಸ್ಪಷ್ಟವಾಗಿದೆ: ಟಿ.ಸಿ. ತಡವಾಯಿತು ಎಂಬ ಕಾರಣಕ್ಕೆ ಎಂಟನೇ ತರಗತಿವರೆಗಿನ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ಜೂನ್ ಆಗಲಿ, ನವೆಂಬರ್ ಆಗಲಿ, ಹತ್ತಿರದ ಸರ್ಕಾರಿ ಶಾಲೆಗೆ ಮಗುವನ್ನು ಕರೆದುಕೊಂಡು ಹೋಗಿ. ಹಳೇ ಶಾಲೆಯಲ್ಲಿ ಕೊಟ್ಟ ಸ್ಯಾಟ್ಸ್ ಸಂಖ್ಯೆ ಒಂದು ಚೀಟಿಯಲ್ಲಿ ಬರೆದು ತಂದರೆ ಸಾಕು, ಉಳಿದದ್ದನ್ನು ಶಾಲೆಗಳೇ ಆನ್‌ಲೈನಿನಲ್ಲಿ ನೋಡಿಕೊಳ್ಳುತ್ತವೆ. ತೊಂದರೆಯಾದರೆ ಆಯಾ ತಾಲ್ಲೂಕಿನ ಬಿ.ಇ.ಒ. ಕಚೇರಿ. ಮನೆಯಲ್ಲಿ ಹಿಂದಿ, ಒಡಿಯಾ ಮಾತಾಡುವ ಮಕ್ಕಳು ನನ್ನ ತರಗತಿಗೆ ಬಂದಿದ್ದರು. ಮೊದಲ ತಿಂಗಳು ಮೂಲೆಯಲ್ಲಿ ಮೌನವಾಗಿ ಕೂರುತ್ತಿದ್ದವರು ದಸರಾ ರಜೆಯ ಹೊತ್ತಿಗೆ ನಮ್ಮ ಮಕ್ಕಳ ಜೊತೆ ಕುಂಟೆಬಿಲ್ಲೆ ಆಡುತ್ತ ಕನ್ನಡದಲ್ಲೇ ಜಗಳ ಮಾಡುತ್ತಿದ್ದರು. ಭಾಷೆ ಬರುವುದಿಲ್ಲವೆಂದು ಹೆದರಬೇಡಿ, ಸೇರಿಸಿ. ಚಿಕ್ಕ ಮಕ್ಕಳಿದ್ದರೆ ತಾಯಿ ಕಾರ್ಡು ಹಿಡಿದು ಅಂಗನವಾಡಿಗೆ ಹೋಗಿ, ಅಲ್ಲಿ ಆಶಾ ಕಾರ್ಯಕರ್ತೆಯ ಪರಿಚಯ ಮಾಡಿಕೊಳ್ಳಿ. ಬಾಕಿ ಇರುವ ಚುಚ್ಚುಮದ್ದು ಇಲ್ಲೇ ಹಾಕುತ್ತಾರೆ. ಇಲ್ಲೇ ಹೆರಿಗೆಯಾದರೆ ಜನನ ನೋಂದಣಿ ಆಗುವುದು ಮಗು ಹುಟ್ಟಿದ ಜಾಗದಲ್ಲಿ, ನೀವು ವಾಸವಿರುವ ಜಾಗದಲ್ಲಲ್ಲ. ಗುಬ್ಬಿಯವರ ಮಗು ತುಮಕೂರಿನ ಆಸ್ಪತ್ರೆಯಲ್ಲಿ ಹುಟ್ಟಿದರೆ ನೋಂದಣಿ ತುಮಕೂರಿನಲ್ಲೇ. 21 ದಿನದ ಒಳಗೆ ಆಗಿದೆಯೇ ಎಂದು ಆಸ್ಪತ್ರೆಯಿಂದ ಹೊರಡುವ ಮೊದಲೇ ಕೇಳಿ.

ಕಚೇರಿಗಳಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ನಾನು ಕಷ್ಟಪಟ್ಟೇ ಕಲಿತೆ. ಬಹಳ ವರ್ಷದ ಹಿಂದೆ, ಹೊಸ ಊರಿಗೆ ವರ್ಗವಾಗಿ ಬಂದ ವರ್ಷ, ಮಗನ ವಿದ್ಯಾರ್ಥಿವೇತನಕ್ಕಾಗಿ ಒಂದು ಕಚೇರಿಗೆ ಅರ್ಜಿ ಕೊಟ್ಟೆ. ಕೊಟ್ಟದ್ದಕ್ಕೆ ನನ್ನ ಹತ್ತಿರ ಚೀಟಿ ಇರಲಿಲ್ಲ, ಕೇಳಬೇಕೆಂದೂ ತಿಳಿದಿರಲಿಲ್ಲ. ಮೂರು ಸಲ ಹೋದಾಗಲೂ "ನಾಳೆ ಬನ್ನಿ" ಎಂದರು. ನಾಲ್ಕನೇ ಸಲ ಅರ್ಜಿಯೇ ಬಂದಿಲ್ಲ ಎಂದರು. ಅದು ಆ ಕಚೇರಿಗೆ ಸೇರಿದ ಕೆಲಸವೇ ಆಗಿರಲಿಲ್ಲ ಎಂದು ಆಮೇಲೆ ತಿಳಿಯಿತು. ಆ ವರ್ಷದ ವಿದ್ಯಾರ್ಥಿವೇತನ ತಪ್ಪಿತು. ಈಗ ನಿಮಗೆ ಆ ಪಾಡು ಬರಬೇಕಾಗಿಲ್ಲ. 2011ರ ಸಕಾಲ ಕಾಯ್ದೆ 2012ರ ಏಪ್ರಿಲ್ 2ರಿಂದ ನಡೆಯುತ್ತಿದೆ. ಆ ಕಾಯ್ದೆಯ ಪಟ್ಟಿಯಲ್ಲಿರುವ ಸೇವೆಗೆ ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ಸಂಖ್ಯೆಯಿರುವ ಸ್ವೀಕೃತಿ ಕೊಡಬೇಕು, ಯಾವ ದಿನದೊಳಗೆ ಕೆಲಸ ಆಗಬೇಕೆಂದು ಅದರಲ್ಲೇ ಇರುತ್ತದೆ. ತಡವಾದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವೂ ಉಂಟು. ದುಡ್ಡು ದೊಡ್ಡದಲ್ಲ. ಆ ಸಂಖ್ಯೆ ಕೈಯಲ್ಲಿದ್ದರೆ "ಅರ್ಜಿಯೇ ಬಂದಿಲ್ಲ" ಎಂದು ಯಾರೂ ಹೇಳಲಾರರು, ಅದು ದೊಡ್ಡದು. ಚೀಟಿ ಇಲ್ಲದೆ ಕೌಂಟರ್ ಬಿಟ್ಟು ಕದಲಬೇಡಿ.

ಹಾಗೆಂದು ಕೌಂಟರಿನ ಆಚೆ ಕೂತವರನ್ನು ಶತ್ರು ಎಂದು ತಿಳಿಯಬೇಡಿ. ನನ್ನ ಅನುಭವದಲ್ಲಿ ಹೆಚ್ಚಿನವರು ಸಹಾಯ ಮಾಡಿದ್ದಾರೆ. ಇಲ್ಲಿನ ಜನ "ಏನಕ್ಕ", "ಏನಣ್ಣ", "ಸಾರ್ ಸ್ವಲ್ಪ ನೋಡಿ" ಎಂದು ಮಾತು ಶುರುಮಾಡುವವರು. ಆ ಎರಡು ಮಾತು ಆಡಿ ಆಮೇಲೆ ಕಾಗದ ಮುಂದಿಡಿ. ಕನ್ನಡ ಬಾರದವರು ತಪ್ಪುತಪ್ಪಾಗಿ ಆಡಿದರೂ ಇಲ್ಲಿ ನಗುವುದಿಲ್ಲ. ಸೋಮವಾರ ಬೆಳಿಗ್ಗೆ ಹೋಗಬೇಡಿ, ಎಲ್ಲ ಕಡೆ ನೂಕುನುಗ್ಗಲು. ಆಧಾರ್, ಬಾಡಿಗೆ ಕರಾರು, ಕರೆಂಟ್ ಬಿಲ್ಲು ಮೂರರ ಎರಡೆರಡು ಜೆರಾಕ್ಸ್ ಸದಾ ಚೀಲದಲ್ಲಿರಲಿ. ಹಳ್ಳಿಯಲ್ಲಿರುವವರಿಗೆ ಗ್ರಾಮ ಒನ್, ಬಾಪೂಜಿ ಸೇವಾ ಕೇಂದ್ರ ಹತ್ತಿರ. ಪೇಟೆಯವರಿಗೆ ಕರ್ನಾಟಕ ಒನ್. ಎಲ್ಲೂ ದಾರಿ ಕಾಣದಿದ್ದರೆ ಜನಸ್ಪಂದನದ 1902. ಕಾನೂನಿನ ತೊಡಕಾದರೆ ಕಾನೂನು ಸೇವಾ ಪ್ರಾಧಿಕಾರದ 15100. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ಇದು ಬಹಳ ಹೆಣ್ಣುಮಕ್ಕಳಿಗೆ ತಿಳಿದಿಲ್ಲ.

ಮತದಾರರ ಪಟ್ಟಿಗೆ ಬರುತ್ತೇನೆ. ಮನೆ ಬದಲಿಸಿದವರು ಹೊಸದಾಗಿ ಹೆಸರು ಸೇರಿಸುವ ನಮೂನೆ 6 ತುಂಬಬಾರದು, ಸ್ಥಳಾಂತರಕ್ಕೆ ಇರುವುದು ನಮೂನೆ 8. ಎರಡು ಕಡೆ ಹೆಸರು ಉಳಿದರೆ ಅದು ತಪ್ಪು. ಇಲ್ಲಿ ಮತ್ತೆ ಆ ಸರಹದ್ದಿನ ಮಾತು. ಕುಣಿಗಲ್‌ನವರಿಗೆ ಜಿಲ್ಲಾಧಿಕಾರಿ ಇರುವುದು ತುಮಕೂರಿನಲ್ಲಿ, ಆದರೆ ಲೋಕಸಭೆಗೆ ಅವರು ಮತ ಹಾಕುವುದು ಬೆಂಗಳೂರು ಗ್ರಾಮಾಂತರ ಕ್ಷೇತ್ರಕ್ಕೆ. ಸಿ.ಎಸ್. ಪುರ ಗುಬ್ಬಿ ತಾಲ್ಲೂಕಿನ ಹೋಬಳಿ, ಆದರೆ ಅಲ್ಲಿನವರ ವಿಧಾನಸಭಾ ಕ್ಷೇತ್ರ ತುರುವೇಕೆರೆ. ನಾನು ಬಿ.ಎಲ್.ಒ. ಆಗಿದ್ದಾಗ ಚೀಟಿ ಹಿಡಿದು ಬಂದು ಸಿಟ್ಟಾದವರಿದ್ದರು, "ನಮ್ಮ ತಾಲ್ಲೂಕೇ ತಪ್ಪಾಗಿದೆ ಟೀಚರ್" ಎಂದು. ತಪ್ಪಾಗಿರುವುದಿಲ್ಲ. ರಸ್ತೆ ಕೆಟ್ಟಾಗ, ಕೆರೆ ತುಂಬಿಸಬೇಕಾದಾಗ ನೀವು ಮನವಿ ಕೊಡಬೇಕಾದ ಜನಪ್ರತಿನಿಧಿ ಯಾರು ಎಂಬುದು ಈ ಗೆರೆಯ ಮೇಲೆ ನಿಂತಿದೆ. ಅನುಮಾನ ಬಂದರೆ 1950.

ಹೊಸಬರು ಈಗ ಎಲ್ಲೆಲ್ಲಿಂದಲೋ ಬರುತ್ತಿದ್ದಾರೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್.ಎ.ಎಲ್.ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಶುರುವಾಯಿತು. ಆಮೇಲೆ ನಿಟ್ಟೂರು, ಗುಬ್ಬಿ ಕಡೆ ಮನೆ ಕೇಳುವವರ ಮಾತು ಬೇರೆ ಬೇರೆ ನಾಡಿನ ಸೊಗಡಿನಲ್ಲಿ ಕೇಳಿಸುತ್ತದೆ. ರೈಲು ಬಂದ ಮೇಲೆ ಕುಣಿಗಲ್‌ನಲ್ಲೂ ಅಷ್ಟೆ. ಬೆಂಗಳೂರಿಗೆ ದಿನಾ ಹೋಗಿ ಬರುವವರು ಬೆಳಿಗ್ಗೆ ಕತ್ತಲಲ್ಲಿ ಹೊರಟು ರಾತ್ರಿ ಬರುತ್ತೀರಿ, ಕಚೇರಿ ತೆರೆದಿರುವ ಹೊತ್ತಿಗೆ ಊರಿನಲ್ಲೇ ಇರುವುದಿಲ್ಲ. ನಿಮಗೆ ಅಕ್ಕಪಕ್ಕದವರೇ ಕಚೇರಿ. ನೀರು ಬಿಡುವವರ, ಲೈನ್‌ಮನ್‌ನ, ವಾರ್ಡಿನ ಕಸದ ಮೇಸ್ತ್ರಿಯ ಫೋನ್ ನಂಬರು ಅವರ ಹತ್ತಿರ ಇರುತ್ತದೆ. ಕೇಳಿ ಬರೆದುಕೊಳ್ಳಿ.

ಗುಬ್ಬಿಯಲ್ಲಿ ನಾವು ಹಿಡಿದ ಮೊದಲ ಮನೆಯ ಅಡುಗೆಮನೆಯಲ್ಲಿ ಒಂದು ಗೋಡೆ ಬೀರು ಇತ್ತು. ಸಾಮಾನು ಜೋಡಿಸಲು ಅದರ ಬಾಗಿಲು ತೆಗೆದರೆ ಒಳಮೈ ಮೇಲೆ ಪೆನ್ಸಿಲಿನಲ್ಲಿ ಬರೆದಿತ್ತು: ನೀರು ಮಂಗಳವಾರ, ಶುಕ್ರವಾರ ಬೆಳಿಗ್ಗೆ ಐದೂವರೆ. ಹಾಲಿನವರ ಹೆಸರು. ಸೀಮೆಎಣ್ಣೆ ಅಂಗಡಿ ತೆರೆಯುವ ದಿನ. ಮಳೆಗಾಲದಲ್ಲಿ ಹಿತ್ತಲ ಬಾಗಿಲಿನ ಹತ್ತಿರ ಹಾವು ಬರುತ್ತದೆ, ದೀಪ ಹಾಕಿಕೊಂಡು ಹೋಗಿ. ಬರೆದವರು ಯಾರೆಂದು ನನಗೆ ಇವತ್ತಿಗೂ ತಿಳಿಯದು, ಅವರು ಮನೆ ಬಿಟ್ಟು ಆರು ತಿಂಗಳಾಗಿತ್ತಂತೆ. ಆ ಮನೆ ಬಿಡುವಾಗ ನಾನು ಅವರ ಸಾಲುಗಳ ಕೆಳಗೆ ನನ್ನವನ್ನು ಸೇರಿಸಿದೆ, ನೀರಿನ ದಿನ ಅಷ್ಟರಲ್ಲಿ ಬದಲಾಗಿತ್ತು. ನೀವೂ ಈಗಿರುವ ಮನೆ ಬಿಡುವ ದಿನ ಬಂದಾಗ ಮೀಟರಿನಿಂದ ಹೆಸರು ಬಿಡಿಸಿಕೊಳ್ಳಿ, ಗ್ಯಾಸಿನ ಚೀಟಿ ತೆಗೆದುಕೊಳ್ಳಿ, ಮಕ್ಕಳ ಟಿ.ಸಿ. ಕೇಳಿ, ಅಡ್ವಾನ್ಸು ಎಣಿಸಿಕೊಳ್ಳಿ. ಬೀಗ ಕೊಡುವ ಮೊದಲು ಎರಡು ನಿಮಿಷ, ಬೀರುವಿನ ಬಾಗಿಲ ಒಳಗೆ ಒಂದು ಪೆನ್ಸಿಲಿನಲ್ಲಿ ಬರೆದು ಹೋಗಿ: ಯಾವ ವಾರ್ಡು ಅಥವಾ ಯಾವ ಪಂಚಾಯಿತಿ, ಯಾವ ಹೋಬಳಿ, ನೀರು ಯಾವತ್ತು.

ಇತಿ,
ಒಬ್ಬ ನಿವೃತ್ತ ಶಾಲಾ ಶಿಕ್ಷಕಿ
ತುಮಕೂರು